ಮೂರು ಡಬ್ಬ ಗುಂಡು, ಒಂದು ಪಿಸ್ತೂಲು, ಬಳ್ಳಾರಿ ಬಿಸಿಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಸ್‌ಕೆ ಪಿಸ್ಟಲ್ ಮ್ಯಾಚ್‌ಗೆ. ಜರ್ಮನಿಯ ಗುಂಡು, ದುಬಾರಿ, ಬೇಕಾದಾಗ ಸಿಗುವುದೂ ಇಲ್ಲ. ಆದರೂ ಅದೇ. ಅಗ್ಗದ ಡಬ್ಬ ತಂದು ಪಟ್ಟ ಪಾಡು ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಡೆಯುವುದು 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲು, ಪಾಯಿಂಟ್ 22 ಸೆಮಿ ಆಟೋಮ್ಯಾಟಿಕ್, ಅಂದರೆ ಒಂದು ಗುಂಡು ಹಾರಿದರೆ ಮುಂದಿನದು ತಾನೇ ತುಂಬಿಕೊಳ್ಳುವಂಥದ್ದು. ಒಟ್ಟು 60 ಗುಂಡು, ಐದೈದರ ಸೀರೀಸ್. ಮೊದಲು ಒಂದು ಸೀರೀಸಿಗೆ 150 ಸೆಕೆಂಡ್ ಸಿಗುತ್ತದೆ, ಆಮೇಲೆ 20, ಕೊನೆಗೆ 10. ಈ 10 ಸೆಕೆಂಡಿನಲ್ಲಿ ಮೂರನೆಯ ಗುಂಡು ಅಡ್ಡ ನಿಂತರೆ ಆ ಸೀರೀಸ್ ಮುಗಿದಂತೆ. ಗನ್ನನ್ನು ಟಾರ್ಗೆಟ್ ಕಡೆಗೇ ಹಿಡಿದು, ಏನೂ ಬಿಚ್ಚದೆ ಇನ್ನೊಂದು ಕೈ ಎತ್ತಿದರೆ ರೇಂಜ್ ಆಫೀಸರ್ ಬಂದು ನೋಡುತ್ತಾರೆ. ಗಾಬರಿಯಲ್ಲಿ ಸ್ಲೈಡ್ (ಹಿಂದೆ ಮುಂದೆ ಸರಿದು ಗುಂಡು ತುಂಬುವ ಭಾಗ) ಎಳೆದುಬಿಟ್ಟರೆ ಆ ಜಾಮ್‌ಗೆ ರಿಯಾಯಿತಿ ಕೇಳುವ ಹಕ್ಕೂ ಹೋಯಿತು. ಹಾಗಾಗಿ ಗುಂಡು ಎಷ್ಟು ನಿಖರ ಅನ್ನೋದಕ್ಕಿಂತ, ಐದೂ ಸಲೀಸಾಗಿ ಚೇಂಬರಿಗೆ (ಗುಂಡು ಕೂತು ಸಿಡಿಯುವ ಗೂಡು) ಹೋಗುತ್ತವಾ ಅನ್ನೋದೇ ನನ್ನ ಅಳತೆಗೋಲು.

ಹೋಲಿಸಿದ್ದು ಮೂರು. ಒಂದು ಎಸ್‌ಕೆ. ಎರಡನೆಯದು ಅದರ ಅರ್ಧ ಬೆಲೆಗೆ ಸಿಕ್ಕ ಸಾಮಾನ್ಯ ಅಭ್ಯಾಸದ ಗುಂಡು, ಕಂಪನಿ ಹೆಸರು ಬೇಡ. ಮೂರನೆಯದು ಗೆಳೆಯನೊಬ್ಬ ಕೊಟ್ಟ ರೈಫಲ್ ಮ್ಯಾಚ್ ಗುಂಡು, ಮೂತಿ ಚಪ್ಪಟೆ.

ರೈಫಲ್ ಗುಂಡಿನ ವಿಷಯ ಬೇಗ ಮುಗಿಸೋಣ. ಬಹಳ ನಿಖರ, ಅನುಮಾನವೇ ಇಲ್ಲ. ಆದರೆ 50 ಮೀಟರ್ ರೈಫಲ್ ಟಾರ್ಗೆಟ್‌ನ ಹತ್ತು ಅಂಕದ ನಡುವೃತ್ತ 10.4 ಮಿಮೀ, ನಮ್ಮ 25 ಮೀಟರಿನದು 50 ಮಿಮೀ. ಅಷ್ಟು ನಿಖರತೆಗೆ ದುಡ್ಡು ಸುರಿದು ನನಗೇನು ಲಾಭ? ಮೇಲಾಗಿ ಬೋಲ್ಟ್ ರೈಫಲ್‌ನಲ್ಲಿ ಕೈಯಿಂದ ಒಂದೊಂದೇ ತುಂಬುವ ಗುಂಡಿಗೆ ಚಪ್ಪಟೆ ಮೂತಿ ಇದ್ದರೆ ನಡೆಯುತ್ತದೆ. ನನ್ನ ಪಿಸ್ತೂಲಿನಲ್ಲಿ ಆ ಮೂತಿಯ ಅಂಚು, ಗುಂಡನ್ನು ಚೇಂಬರಿಗೆ ಹತ್ತಿಸುವ ಇಳಿಜಾರಾದ ಫೀಡ್ ರ‍್ಯಾಂಪಿಗೆ ತಾಗಿ ಆಗಾಗ ನಿಂತೇಬಿಡುತ್ತಿತ್ತು. ಉಂಡೆ ಮೂತಿಯದ್ದು ಹಾಗೆ ಮಾಡಲಿಲ್ಲ.

ಹೈ ವೆಲಾಸಿಟಿ (ಹೆಚ್ಚು ವೇಗದ) ಗುಂಡನ್ನು ಈ ಹೋಲಿಕೆಗೆ ತಂದೇ ಇಲ್ಲ. ಟಾರ್ಗೆಟ್ ಪಿಸ್ತೂಲಿನ ಸ್ಪ್ರಿಂಗು, ಸ್ಲೈಡು ಎಲ್ಲ ಸ್ಟ್ಯಾಂಡರ್ಡ್ ವೆಲಾಸಿಟಿಗೆ, ಅಂದರೆ ಸಾಮಾನ್ಯ ವೇಗದ ಗುಂಡಿಗೆ ಹೊಂದಿಸಿದ್ದು.

ಈಗ ಅಗ್ಗದ ಡಬ್ಬದ ಕತೆ. ಪಾಯಿಂಟ್ 22ರ ಸೀಸದ ಗುಂಡಿನ ಮೇಲೆ ಸಾಮಾನ್ಯವಾಗಿ ಮೇಣ ಬಳಿದಿರುತ್ತಾರೆ. ಬ್ಯಾರಲ್‌ಗೆ ಸೀಸ ಮೆತ್ತಬಾರದು ಅಂತ. ಕೆಲವರು ತೆಳ್ಳಗೆ ಬಳಿಯುತ್ತಾರೆ, ಕೆಲವರು ಸುರಿದುಬಿಡುತ್ತಾರೆ. ಈ ಡಬ್ಬದ್ದು ಎರಡನೆಯ ಜಾತಿ, ಅದೂ ಜಿಡ್ಡು ಜಿಡ್ಡಾದ ಮೇಣ. ತಣ್ಣಗಿನ ಊರಿನಲ್ಲಿ ಇದು ತೊಂದರೆಯೇ ಅಲ್ಲದಿರಬಹುದು. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್‌ನಲ್ಲಿ ಪಾರಾ 40 ದಾಟುತ್ತದೆ, ಮುಚ್ಚಿದ ಕಾರಿನ ಡಿಕ್ಕಿ ಅದಕ್ಕಿಂತ ಎಷ್ಟೋ ಜಾಸ್ತಿ. ನಾನು ರೇಂಜಿಗೆ ಹೋಗುವುದು ಬೆಂಗಳೂರಿಗೆ, ಚಳ್ಳಕೆರೆ, ಹಿರಿಯೂರು ಮೇಲೆ 300 ಕಿಮೀಗೂ ಹೆಚ್ಚು ದಾರಿ. ಅಷ್ಟು ದೂರ ಬೇಯುತ್ತಾ ಹೋದ ಡಬ್ಬ ತೆಗೆದರೆ ಮೇಣ ಕರಗಿ, ಗುಂಡಿನ ಮೂತಿಯಿಂದ ಹಿತ್ತಾಳೆ ಕೇಸಿನ ಮೇಲೂ ಹರಿದಿರುತ್ತದೆ.

ಅದರ ಮೇಲೆ ನಮ್ಮ ಕೆಂಪು ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿ ಓಡಾಡುವ ರಸ್ತೆ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಬ್ಯಾಗ್ ಎಷ್ಟೇ ಮುಚ್ಚಿ ಇಡಿ, ಜಿಪ್‌ನ ಸಂದಿಯಲ್ಲಿ ನುಗ್ಗುತ್ತದೆ. ಕರಗಿದ ಮೇಣಕ್ಕೆ ಈ ಧೂಳು ಅಂಟಿದರೆ ಎತ್ತಿನಬಂಡಿಯ ಕೀಲೆಣ್ಣೆಯ ಹಾಗೆ ಕಪ್ಪುಗೆಂಪು ಜಿಡ್ಡು. ಮೊದಲ ಕೆಲವು ಸೀರೀಸ್ ಏನೂ ಗೊತ್ತಾಗುವುದಿಲ್ಲ. ಆಮೇಲೆ ಚೇಂಬರಿನ ಬಾಯಲ್ಲಿ ಆ ಜಿಡ್ಡು ಕೂತು, ಗುಂಡು ಪೂರ್ತಿ ಒಳಗೆ ಕೂರದೆ, ಸ್ಲೈಡ್ ಒಂದು ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ಟ್ರಿಗರ್ ಎಳೆದರೆ ಸದ್ದೇ ಇಲ್ಲ. ಗುಂಡು ತುಂಬಿಡುವ ಮ್ಯಾಗಜೀನ್ ಒಳಗೂ ಅದೇ ಅಂಟು, ಸ್ಪ್ರಿಂಗ್ ಗುಂಡನ್ನು ತಡವಾಗಿ ಮೇಲಕ್ಕೆ ತಳ್ಳುತ್ತದೆ, ಅಷ್ಟರಲ್ಲಿ ಸ್ಲೈಡ್ ಬಂದು ಹೋಗಿರುತ್ತದೆ.

ಇನ್ನೊಂದು ರಿಮ್ ಲಾಕ್. ಪಾಯಿಂಟ್ 22ರ ಬುಡದಲ್ಲಿ ಅಂಚು ಹೊರಚಾಚಿರುತ್ತದಲ್ಲ, ಮ್ಯಾಗಜೀನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಮೇಲಿನದು ಮುಂದೆ ಜಾರುವಾಗ ಕೆಳಗಿನದಕ್ಕೆ ಕೊಕ್ಕೆ ಬೀಳುತ್ತದೆ. ಸ್ವಚ್ಛ ಗುಂಡಾದರೆ ಮ್ಯಾಗಜೀನನ್ನು ಅಂಗೈಗೆ ಮೆಲ್ಲಗೆ ಕುಟ್ಟಿದರೆ ಸರಿಹೋಗುತ್ತದೆ. ಅಂಟು ಗುಂಡು ಕುಟ್ಟಿದರೂ ಜಗ್ಗುವುದಿಲ್ಲ, ಒಂದೊಂದೇ ಬೆರಳಲ್ಲಿ ಸರಿಸಿ ಕೂರಿಸಬೇಕು.

ತಪ್ಪು ಗುಂಡಿನದೋ ಮ್ಯಾಗಜೀನಿನದೋ ಅಂತ ಹೇಗೆ ತಿಳಿಯುವುದು? ಮ್ಯಾಗಜೀನ್‌ಗಳ ಬುಡಕ್ಕೆ ನೈಲ್ ಪಾಲಿಶ್‌ನಲ್ಲಿ ನಂಬರ್ ಹಾಕಿದೆ. ಜಾಮ್ ಒಂದೇ ನಂಬರಿನ ಹಿಂದೆ ಓಡಾಡಿದರೆ ಆ ಮ್ಯಾಗಜೀನಿನ ತುಟಿ ಸೊಟ್ಟಗಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ. ಎಲ್ಲ ನಂಬರಿನಲ್ಲೂ ಬಂದು, ಡಬ್ಬ ಬದಲಿಸಿದರೆ ನಿಂತರೆ ಗುಂಡಿನದೇ. ಖಾಲಿ ಕೇಸು ಸೋಮಾರಿಯಾಗಿ ಕಾಲ ಬಳಿ ಬೀಳುತ್ತಿದ್ದರೆ ಗುಂಡಿಗೆ ಸ್ಲೈಡನ್ನು ಪೂರ್ತಿ ಹಿಂದೆ ತಳ್ಳುವ ದಮ್ಮು ಸಾಲುತ್ತಿಲ್ಲ, ಇಲ್ಲವೇ ಗನ್ ಒಳಗೆ ಕೊಳೆ ಜಾಸ್ತಿಯಾಗಿದೆ. ನನ್ನದು ಡಬ್ಬದ ಹಿಂದೆಯೇ ಓಡಿತು. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ಪಿಸ್ತೂಲಿನ ಬಾಯಿ ಟಾರ್ಗೆಟ್ ಕಡೆಗೇ ಇಟ್ಟು ಸ್ವಲ್ಪ ಹೊತ್ತು ಕಾಯಿರಿ, ತಡವಾಗಿ ಸಿಡಿಯುವುದುಂಟು.

ಎಸ್‌ಕೆ ಡಬ್ಬದಲ್ಲೂ ಮೇಣ ಇದೆ, ಆದರೆ ತೆಳ್ಳಗೆ. ಅದೇ ಡಿಕ್ಕಿ, ಅದೇ ದಾರಿ, ಅದೇ ಬಿಸಿಲು, ಆದರೂ ಕೈಗೆ ಅಂಟಲಿಲ್ಲ. ಪೂರ್ತಿ ಪಂದ್ಯದಷ್ಟು ಹೊಡೆದ ಮೇಲೂ ಚೇಂಬರಿಗೆ ನೈಲಾನ್ ಬ್ರಷ್ ಒಂದು ಸಲ ಆಡಿಸಿದರೆ ಸಾಕಾಯಿತು. ಈಗ ಡಬ್ಬ ಡಿಕ್ಕಿಯಲ್ಲಿ ಇಡುವುದಿಲ್ಲ, ಎಸಿ ಗಾಳಿ ಬರುವ ಕಡೆ, ನನ್ನ ಪಕ್ಕದಲ್ಲೇ ಇರುತ್ತದೆ. ಗನ್ನಿಗೆ ಎಣ್ಣೆಯೂ ಹನಿಯಷ್ಟೇ. ನಮ್ಮ ಕಡೆ ಎಣ್ಣೆ ಜಾಸ್ತಿ ಹಾಕಿದರೆ ಧೂಳಿಗೆ ಔತಣ ಕೊಟ್ಟಂತೆ.

‘ಅಷ್ಟೊಂದು ಗೋಳು ಯಾಕೆ, ಫಾರಿನ್‌ನವರ ಹಾಗೆ ನೀನೇ ಗುಂಡು ತುಂಬಿಕೋ’ ಅಂತ ಒಬ್ಬರು ಕೇಳಿದರು. ಅಮೆರಿಕದಲ್ಲಿ 9 ಎಂಎಂ ಕೇಸನ್ನು ಮತ್ತೆ ತುಂಬುತ್ತಾರೆ, ಅವರ ಜಾಮ್ ತಾಪತ್ರಯವೇ ಬೇರೆ: ಗುಂಡಿನ ಒಟ್ಟು ಉದ್ದ ಜಾಸ್ತಿಯಾಯಿತು, ಕೇಸಿನ ಬಾಯಿ ಸರಿಯಾಗಿ ಬಿಗಿಯಲಿಲ್ಲ, ಹೀಗೆ. ಪಾಯಿಂಟ್ 22ರಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಸಿಡಿಯುವ ಮದ್ದು ರಿಮ್ಮಿನ ಒಳಗೇ ಇರುತ್ತದೆ, ಪಿನ್ ಆ ರಿಮ್ಮನ್ನೇ ಜಜ್ಜುತ್ತದೆ, ಕೇಸು ಅಲ್ಲಿಗೆ ಮುಗಿಯಿತು. ಮೇಲಾಗಿ ನಮ್ಮಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಗುಂಡು ತಯಾರಿಸಲು ಬೇರೆ ಲೈಸೆನ್ಸೇ ಬೇಕು. ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ.

ದುಡ್ಡಿನ ಲೆಕ್ಕ ಹೀಗೆ. ತಿಂಗಳಿಗೊಮ್ಮೆ ರೇಂಜಿಗೆ ಹೋಗುವವನು ನಾನು, ಪೆಟ್ರೋಲಿಗೇ ಅಷ್ಟು ಸುರಿದು, ಅಲ್ಲಿ ಜಾಮ್ ಬಿಡಿಸುತ್ತಾ ಕೂರಲು ಮನಸ್ಸಿಲ್ಲ. ರೇಂಜ್ ಪಕ್ಕದಲ್ಲೇ ಮನೆ ಇದ್ದು ದಿನಾ ಹೊಡೆಯುವವರಾದರೆ ಅಗ್ಗದ್ದನ್ನೇ ತಗೊಂಡು ಅರ್ಧ ಗಂಟೆಗೊಮ್ಮೆ ಒರೆಸಿಕೊಳ್ಳಬಹುದು, ತಪ್ಪೇನಿಲ್ಲ. ಲೈಸೆನ್ಸಿನಲ್ಲಿ ಬರೆದಷ್ಟೇ ಗುಂಡು ಸಿಗುವುದರಿಂದ, ಇರುವಷ್ಟನ್ನು ಒಳ್ಳೆಯದನ್ನೇ ಕೊಳ್ಳುವುದು ನನ್ನ ಲೆಕ್ಕಕ್ಕೆ ಸರಿ.

ಉಳಿದ ಅಗ್ಗದ ಡಬ್ಬಗಳನ್ನು 150 ಸೆಕೆಂಡಿನ ಅಭ್ಯಾಸಕ್ಕೆ ಮುಗಿಸುತ್ತಿದ್ದೇನೆ, ಒಂದೊಂದೇ ಗುಂಡನ್ನು ಬಟ್ಟೆಯಲ್ಲಿ ಒರೆಸಿ. ಅದರಲ್ಲೂ ಒಂದು ಕಿರಿಕಿರಿ ಇದೆ: ಡಬ್ಬ ಬದಲಿಸಿದಾಗೆಲ್ಲ ಗುಂಡು ಬೀಳುವ ಜಾಗ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ, ಸೈಟ್ ಒಂದೆರಡು ಕ್ಲಿಕ್ ತಿರುಗಿಸಬೇಕು, ಮತ್ತೆ ಎಸ್‌ಕೆ ಹಾಕುವಾಗ ವಾಪಸ್ ತಿರುಗಿಸಲು ನೆನಪಿರಬೇಕು.