ಜಿರಳೆ ಜೆಲ್ ಟ್ರೀಟ್‌ಮೆಂಟ್: ಮೂರೂವರೆ ಸ್ಟಾರ್

ಮತ್ತೀಕೆರೆಯ ನಮ್ಮ ಎರಡನೇ ಮಹಡಿ ಮನೆಗೆ ಜಿರಳೆ ಕಾಟಕ್ಕೆ ಜೆಲ್, ಅಂದರೆ ಅವು ತಿಂದು ಸಾಯೋ ವಿಷದ ಅಂಟು, ಹಾಕಿಸಿದೆ. 1,400 ರೂಪಾಯಿ, ಮೂರು ತಿಂಗಳ ಗ್ಯಾರಂಟಿ. ಕಂಪನಿ ಹೆಸರು ಬೇಡ. ನನ್ನ ತಕರಾರು ಅವರ ಪದ್ಧತಿ ಮೇಲೆ, ಬಂದ ಹುಡುಗ ಬಂಗಾರದಂಥವನು.

ಸಿಂಕ್ ಕೆಳಗೆ ಟಾರ್ಚ್ ಬಿಟ್ಟು, "ಜರ್ಮನ್ ಜಿರಳೆ, ಮೇಡಂ" ಅಂದ. ಕೀಟಗಳ ಡಿಎನ್‌ಎ ತೆಗೆಯೋದೇ ನನ್ನ ಕೆಲಸ, ಬಾಯಿ ಸುಮ್ಮನಿರಲಿಲ್ಲ. "ಹೆಸರಿಗಷ್ಟೇ ಜರ್ಮನ್ ಕಣಪ್ಪ, ಮೂಲ ನಮ್ಮ ಕಡೇದೇ." 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹಾಗೆ ಹೆಸರಿಟ್ಟ, ಅದೇ ನಿಂತುಬಿಟ್ಟಿತು. 2024ರಲ್ಲಿ 17 ದೇಶಗಳ 281 ಜಿರಳೆಗಳ ಡಿಎನ್‌ಎ ಹೋಲಿಸಿದಾಗ, ಸುಮಾರು 2,100 ವರ್ಷದ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಏಷ್ಯನ್ ಜಿರಳೆ ಅನ್ನೋ ಇನ್ನೊಂದು ಜಾತಿಯಿಂದ ಇದು ಕವಲೊಡೆದದ್ದು ಅಂತ ತಿಳೀತು. ಹುಡುಗ ಮರ್ಯಾದೆಗೆ "ಹೌದಾ ಮೇಡಂ" ಅಂದು ಫ್ರಿಜ್ ಸರಿಸಿದ.

ಕೆಲಸ ಅಚ್ಚುಕಟ್ಟು. ಕಪಾಟಿನ ಹಿಂಜ್ ಸಂದಿ, ಮಿಕ್ಸಿ ಅಡಿ, ಒಲೆ ಹಿಂದೆ, ಎಲ್ಲ ಕಡೆ ಹೆಸರುಕಾಳಿನಷ್ಟು ಚುಕ್ಕೆ. ವಾಸನೆಯಿಲ್ಲ, ಪಾತ್ರೆಪಡಗ ಹೊರಗಿಡೋ ರಗಳೆಯಿಲ್ಲ. ಮೂರು ದಿನ ಬೆಳಗಾದರೆ ಮೊರ ತುಂಬ ಗುಡಿಸಿದೆ.

ಎರಡನೇ ವಾರ ರಾತ್ರಿ ನೀರಿಗೆ ಅಂತ ಎದ್ದು ಲೈಟ್ ಹಾಕಿದರೆ, ಒಂದು ಮರಿ ಚುಕ್ಕೆಗೆ ಬಾಯಿ ತಾಗಿಸಿ ಹಿಂದೆ ಸರೀತು. ನನಗೆ ಫ್ಲೋರಿಡಾ ನೆನಪಾಯ್ತು. ಅಲ್ಲಿನ ಕೆಲವು ಜಿರಳೆಗಳು ಗ್ಲೂಕೋಸ್ ಇರೋ ವಿಷ ಮುಟ್ಟಲ್ಲ ಅಂತ 1993ರಲ್ಲೇ ವರದಿಯಾಗಿತ್ತು. ಅವುಗಳ ನಾಲಿಗೆಗೆ ಸಿಹಿಯೇ ಕಹಿ ಅಂತ 2013ರಲ್ಲಿ ಗೊತ್ತಾಯ್ತು. ಸಿಹಿ ತಿಂದವು ಸತ್ತವು, ತಿನ್ನದವು ಸಂಸಾರ ಹೂಡಿದವು. ಫೋನ್ ಮಾಡಿದೆ, ಹುಡುಗ ಬಂದು ಬೇರೆ ಜೆಲ್ ಹಾಕಿದ, ತಿಂದವು. ನಮ್ಮನೆಯವೂ ಅದೇ ಜಾತಕದವೋ ಅಂತ ಪರೀಕ್ಷೆ ಮಾಡದೆ ಹೇಳಲಾರೆ.

ಒಂದೂವರೆ ಸ್ಟಾರ್ ಕತ್ತರಿಸಿದ್ದು ಬೇರೆ ಕಾರಣಕ್ಕೆ. ಮೂರನೇ ತಿಂಗಳು, ಮೇಲಿನ ಮನೆಯಿಂದ ಇಳಿಯೋ ಡ್ರೈನ್ ಪೈಪ್ ಪಕ್ಕದಿಂದ ಮತ್ತೆ ಮೆರವಣಿಗೆ. "ಮೇಲಿನ ಮನೆ ಗ್ಯಾರಂಟಿಗೆ ಬರಲ್ಲ ಮೇಡಂ" ಅಂದರು ಆಫೀಸಿನವರು. ಜಿರಳೆಗೆ ಬಾಡಿಗೆ ಕರಾರು ಗೊತ್ತಾ? ಅಮೆರಿಕದ ರಾಲಿ ಊರಲ್ಲಿ ಅಪಾರ್ಟ್‌ಮೆಂಟ್ ಜಿರಳೆಗಳ ಜೀನ್ ನೋಡಿದಾಗ, ಒಂದೇ ಸಮುಚ್ಚಯದ ಬೇರೆ ಬೇರೆ ಮನೆಗಳವು ಹತ್ತಿರದ ನೆಂಟರು, ಬೇರೆ ಸಮುಚ್ಚಯದವು ಬೇರೆ ಬಳಗ. ಅಂದಮೇಲೆ ಒಂದೊಂದೇ ಮನೆಗೆ ಬಿಲ್ ಮಾಡೋದು ಯಾವ ಲೆಕ್ಕ?

ಕೊನೆಗೆ ನಾನೇ ಮೇಲಿನ ಮನೆ ಆಂಟಿಯನ್ನ ಒಪ್ಪಿಸಿದೆ. ಶನಿವಾರ ಅದೇ ಹುಡುಗ ಬರ್ತಾನೆ. ಸತ್ತವನ್ನ ಎಸೀಬೇಡ ಅಂತ ಹೇಳಿ ಸ್ಪಿರಿಟ್ ತುಂಬಿದ ಎರಡು ಸೀಸೆ ಕೊಟ್ಟಿದ್ದೀನಿ, ಒಂದರ ಮೇಲೆ "ಮೇಲೆ", ಇನ್ನೊಂದರ ಮೇಲೆ "ಕೆಳಗೆ" ಅಂತ ಬರೆದು.