ಮ್ಯಾರಥಾನ್ ತರಬೇತಿಯಲ್ಲಿರುವವರ ಗಮನಕ್ಕೆ: ನೀರು ಅತಿಯಾದರೂ ಜೀವಕ್ಕೆ ಅಪಾಯ

ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಬೆಳಕು ಹರಿಯುವ ಮೊದಲೇ ರಸ್ತೆಗಿಳಿದು ಓಡುವವರು ಈಗ ಹೆಚ್ಚಾಗಿದ್ದಾರೆ. ಅವರಲ್ಲಿ ಹಾಫ್ ಮ್ಯಾರಥಾನ್ ಮುಗಿಸಿ 42.195 ಕಿಲೋಮೀಟರಿನ ಪೂರ್ಣ ಓಟಕ್ಕೆ ಮೊದಲ ಬಾರಿಗೆ ಸಿದ್ಧರಾಗುತ್ತಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ನೀರು ಕಡಿಮೆಯಾದರೆ ತೊಂದರೆ ಎಂಬುದು ಎಲ್ಲರಿಗೂ ಗೊತ್ತಿದೆ. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಮಿದುಳು ಊದಿಕೊಳ್ಳಬಹುದು ಎಂಬುದು ಮಾತ್ರ ತರಬೇತಿ ಕೊಡುವವರಲ್ಲೂ ಕೆಲವರಿಗೆ ಗೊತ್ತಿಲ್ಲ, ಮತ್ತು ಅದರ ಬೆಲೆಯನ್ನು ನಮ್ಮ ಮನೆಯ ಹುಡುಗನೊಬ್ಬ ತೆರಬೇಕಾಯಿತು.

ವಿಷು ಕಳೆದ ಮೇಲಿನ ಒಂದು ಭಾನುವಾರ ನನ್ನ ಅಕ್ಕನ ಮಗ ತನ್ನ ತಂಡದವರೊಂದಿಗೆ ಬದಿಯಡ್ಕದಿಂದ ಪೆರ್ಲದ ಕಡೆಗೆ ದೀರ್ಘ ಓಟಕ್ಕೆ ಹೊರಟಿದ್ದ. ಸ್ಕೂಟರಿನಲ್ಲಿ ನೀರು ಹೊತ್ತು ಹಿಂದೆ ಹೋಗುವ ಕೆಲಸ ನನ್ನದಾಗಿತ್ತು. ತರಬೇತುದಾರರು ಎಲ್ಲರಿಗೂ ಒಂದೇ ಕಟ್ಟಳೆ ಹಾಕಿದ್ದರು: ಬಾಯಾರಿಕೆಗೆ ಕಾಯಬಾರದು, ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಲೀಟರ್ ಮುಗಿಸಲೇಬೇಕು. ಗಂಟೆಗೆ ಒಂದೂವರೆ ಲೀಟರ್ ಎಂದಾಯಿತು. ಆರಾಮವಾಗಿ ಕುಳಿತವರ ಮೂತ್ರಪಿಂಡ ಕೂಡ ಗಂಟೆಗೆ ಸುಮಾರು ಒಂದು ಲೀಟರಿಗಿಂತ ಹೆಚ್ಚು ನೀರನ್ನು ಹೊರಹಾಕಲಾರದು. ಗಂಟೆಗಟ್ಟಲೆ ಓಡುವಾಗ ದೇಹವು ನೀರನ್ನು ಹಿಡಿದಿಡುವ ಹಾರ್ಮೋನನ್ನು ಸುರಿಸುತ್ತಿರುವುದರಿಂದ ಅಷ್ಟೂ ಸಾಧ್ಯವಾಗದು. ಹುಡುಗ ನಿಧಾನಗತಿಯ ಓಟಗಾರ, ಮೈಯೂ ತೆಳು. ಬೆವರಿನಲ್ಲಿ ಹೋದದ್ದಕ್ಕಿಂತ ಒಳಗೆ ಹೋದದ್ದೇ ಹೆಚ್ಚಾಗಿತ್ತು.

ಮೂರು ಗಂಟೆ ಕಳೆದ ಮೇಲೆ ಅವನು ಓಟ ನಿಲ್ಲಿಸಿ ನಡೆಯತೊಡಗಿದ. ಕಪ್ಪು ಅಂಗಿಯ ಮೇಲೆ ಬೆವರುಪ್ಪಿನ ಬಿಳಿ ಗೆರೆಗಳು ಮೂಡಿದ್ದವು; ಹೊಟ್ಟೆ ಉಬ್ಬಿ, ನಡೆದಾಗ ಒಳಗಿನ ನೀರು ಕುಲುಕುವುದು ನನಗೇ ಕೇಳಿಸುತ್ತಿತ್ತು. ಬೆಳಿಗ್ಗೆ ಸಡಿಲವಾಗಿದ್ದ ಉಂಗುರ ಬೆರಳಿಗೆ ಕಚ್ಚಿಕೊಂಡಿತ್ತು, ಗಡಿಯಾರದ ಪಟ್ಟಿ ಮಣಿಕಟ್ಟಿನಲ್ಲಿ ಹೂತಿತ್ತು. “ಮಾವ, ತಲೆ ಸಿಡಿಯುತ್ತಿದೆ, ವಾಕರಿಕೆ ಬರುತ್ತಿದೆ” ಎಂದ. ತರಬೇತುದಾರರು ಫೋನಿನಲ್ಲೇ ಅದು ನಿರ್ಜಲೀಕರಣವೆಂದು ತೀರ್ಮಾನಿಸಿ ಎರಡು ಬೊಂಡ (ಎಳನೀರು) ಕುಡಿಸಲು ಹೇಳಿದರು. ಕುಡಿದದ್ದೆಲ್ಲ ವಾಂತಿಯಾಯಿತು.

ಹತ್ತಿರದ ಚಿಕಿತ್ಸಾಲಯದಲ್ಲಿ, ಸೆಕೆಯಲ್ಲಿ ಓಡಿ ವಾಂತಿ ಮಾಡುತ್ತಿದ್ದಾನೆ ಎಂದ ಕೂಡಲೇ, ಎಷ್ಟು ನೀರು ಕುಡಿದಿದ್ದಾನೆಂದು ಕೇಳದೆ, ರಕ್ತ ಪರೀಕ್ಷೆಯನ್ನೂ ಮಾಡದೆ ಡ್ರಿಪ್ಸ್ ಹಾಕಿದರು. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಅವನ ಮಾತು ತೊದಲಿತು, ನನ್ನ ಗುರುತು ಸಿಗಲಿಲ್ಲ. ಮಂಗಳೂರಿಗೆ ಒಯ್ಯುವಾಗ ತಲಪಾಡಿಯ ಬಳಿ ಆಂಬುಲೆನ್ಸಿನಲ್ಲೇ ಫಿಟ್ಸ್ ಬಂತು. ಅಲ್ಲಿನ ಪರೀಕ್ಷೆಯಲ್ಲಿ ಸೋಡಿಯಂ ಲೀಟರಿಗೆ 118 ಮಿಲಿಮೋಲ್ ಎಂದು ಬಂತು. ಇರಬೇಕಾದದ್ದು 135ರಿಂದ 145. ವೈದ್ಯರು ಹಾಕಿದ್ದ ಡ್ರಿಪ್ಸ್ ನಿಲ್ಲಿಸಿ, ಮೂರು ಶೇಕಡಾದ ಗಟ್ಟಿ ಉಪ್ಪಿನ ದ್ರಾವಣವನ್ನು ನೂರು ನೂರು ಮಿಲಿಲೀಟರಿನಂತೆ ಕೊಟ್ಟರು. ಸಂಜೆಯ ಹೊತ್ತಿಗೆ ಅವನು ಅಮ್ಮ ಎಲ್ಲಿ ಎಂದು ಕೇಳಿದ. ಈಗ ಗುಣವಾಗಿದ್ದಾನೆ, ಆದರೆ ಆ ಬೆಳಗಿನ ಅರ್ಧ ಭಾಗ ಅವನ ನೆನಪಿನಲ್ಲಿಲ್ಲ.

ರಕ್ತದ ಸೋಡಿಯಂ ಹೀಗೆ ಇಳಿಯುವುದಕ್ಕೆ ವೈದ್ಯರು ಹೈಪೊನೆಟ್ರೀಮಿಯಾ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದ ಕ್ರೀಡಾ ವಿಜ್ಞಾನಿ ಟಿಮ್ ನೋಕ್ಸ್ ಮತ್ತು ಅವರ ಸಹೋದ್ಯೋಗಿಗಳು 1985ರಲ್ಲೇ ದೀರ್ಘ ಓಟಗಾರರಲ್ಲಿ ಇದನ್ನು ಗುರುತಿಸಿ ಬರೆದಿದ್ದರು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು, ಮೂವರಲ್ಲಿ 120 ಅಥವಾ ಅದಕ್ಕೂ ಕೆಳಗಿತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರು ಮತ್ತು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರೇ ಹೆಚ್ಚು ಅಪಾಯದಲ್ಲಿದ್ದರು. ಇಷ್ಟೆಲ್ಲ ಬೆಳಕಿಗೆ ಬಂದ ಮೇಲೂ ‘ಬಾಯಾರುವ ಮೊದಲೇ ಕುಡಿಯಿರಿ’ ಎಂಬ ಹಳೆಯ ಸಲಹೆಯನ್ನು ಕಟ್ಟುನಿಟ್ಟಿನ ನಿಯಮ ಮಾಡಿ ಹೇರುವುದು ನನಗೆ ಅಕ್ಷಮ್ಯವೆನಿಸುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾದಿನಲ್ಲಿ ಸೇರಿದ ತಜ್ಞರು ಒಮ್ಮತದಿಂದ ಹೇಳಿದ್ದು, ಬಾಯಾರಿಕೆಯಾದಾಗ ಕುಡಿಯಿರಿ ಎಂದು.

ಬೊಂಡದ ವಿಷಯವನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ನಮ್ಮೂರಿನಲ್ಲಿ ಯಾವ ಸುಸ್ತಿಗೂ ಅದೇ ಮದ್ದು. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಬಾಯಾರಿದಾಗ ಒಂದು ಬೊಂಡ ಕುಡಿದರೆ ತಪ್ಪೇನಿಲ್ಲ, ಆದರೆ ನೀರು ಅತಿಯಾದವನಿಗೆ ಅದು ಇನ್ನಷ್ಟು ನೀರೇ. ಅಂಗಡಿಯ ಸ್ಪೋರ್ಟ್ಸ್ ಡ್ರಿಂಕಿನ ಉಪ್ಪಿನಂಶವೂ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇರುವ ವಿಶ್ವ ಆರೋಗ್ಯ ಸಂಸ್ಥೆಯ ಒಆರ್‌ಎಸ್ ಕೂಡ ರಕ್ತದ ಅರ್ಧದಷ್ಟೇ. ಹಾಗಾಗಿ ಉಪ್ಪು ಬೆರೆಸಿದ್ದೇವೆ ಎಂಬ ಧೈರ್ಯದಿಂದ ಅಳತೆ ಮೀರಿ ಕುಡಿಯುವಂತಿಲ್ಲ. ಓಟದ ದಿನ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನೂ ನುಂಗಬೇಡಿ, ಅದು ಮೂತ್ರಪಿಂಡದ ಕೆಲಸಕ್ಕೆ ಅಡ್ಡಿಪಡಿಸಿ ಅಪಾಯವನ್ನು ಹೆಚ್ಚಿಸುತ್ತದೆ.

ನಿಮ್ಮ ಅಳತೆ ನಿಮಗೆ ತಿಳಿಯಬೇಕಾದರೆ ಓಟದ ಮೊದಲು ಮತ್ತು ಬೆವರು ಒರೆಸಿಕೊಂಡು ಓಟದ ನಂತರ ತೂಕ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಹೋಗಿದೆ ಎಂದರ್ಥ. ಸ್ವಲ್ಪ ಇಳಿಯುವುದು ಸಹಜ. ತೂಕ ಏರಿದ್ದರೆ ಮಾತ್ರ ನೀವು ಅತಿಯಾಗಿ ಕುಡಿದಿದ್ದೀರಿ. ಹಾಗಾದಾಗ ಮೂತ್ರ ಚೆನ್ನಾಗಿ ಹೋಗುವವರೆಗೆ ನೀರು ನಿಲ್ಲಿಸಿ, ಉಪ್ಪಿನಲ್ಲಿಟ್ಟ ಮಾವಿನಮಿಡಿಯನ್ನೋ ಇನ್ನೇನಾದರೂ ಉಪ್ಪಿನ ಪದಾರ್ಥವನ್ನೋ ತಿನ್ನಿ.

ಇದನ್ನು ಓದಿ ಯಾರೂ ನೀರಿಲ್ಲದೆ ಹೊರಡಬಾರದು. ನಮ್ಮ ಸೆಕೆಯಲ್ಲಿ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮುರಕಲ್ಲಿನ ಪದವಿನಲ್ಲಿ (ಮರಗಳಿಲ್ಲದ ಸಮತಟ್ಟಾದ ಗುಡ್ಡದಲ್ಲಿ) ಬಿಸಿಲೇರಿದ ಮೇಲಂತೂ ಓಡಲೇಬಾರದು. ಮೈ ಕೆಂಡದಂತೆ ಸುಡುತ್ತಿದ್ದು, ಬುದ್ಧಿ ಮಂಕಾಗಿ ಅಸಂಬದ್ಧ ಮಾತಾಡುತ್ತಿದ್ದರೆ ಅದು ಶಾಖಾಘಾತ. ಆಗ ವಾಹನಕ್ಕೆ ಕಾಯದೆ, ತೋಟದ ಟ್ಯಾಂಕಿಯಲ್ಲೋ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡವಾಗಿ ಕೊರೆದ ಬಾವಿಯ) ನೀರು ತುಂಬಿದ ಕೆರೆಯ ಅಂಚಿನಲ್ಲೋ ತಲೆ ಮೇಲಿರುವಂತೆ ಹಿಡಿದು ಕುತ್ತಿಗೆಯವರೆಗೆ ಮುಳುಗಿಸಿ ತಣಿಸಬೇಕು, ಆಮೇಲೆ ಆಸ್ಪತ್ರೆ.

ಮೈ ಅಷ್ಟು ಬಿಸಿಯಿಲ್ಲದೆ, ಕೈ ಊದಿಕೊಂಡು, ಹೊಟ್ಟೆ ಉಬ್ಬಿ, ತಲೆನೋವು ಏರುತ್ತ ಹೋದರೆ ನೀರನ್ನೂ ಬೊಂಡವನ್ನೂ ಕೊಡಬೇಡಿ. ಹೊಟ್ಟೆಯಲ್ಲಿ ಉಳಿದ ನೀರು ಓಟ ನಿಂತ ಮೇಲೂ ರಕ್ತ ಸೇರುತ್ತಿರುವುದರಿಂದ ಮನೆಗೆ ಬಂದ ನಂತರವೂ ಸ್ಥಿತಿ ಕೆಡಬಹುದು. ಒಬ್ಬರನ್ನೇ ಮಲಗಲು ಬಿಡಬೇಡಿ. ಎಷ್ಟು ಹೊತ್ತು ಓಡಿದರು, ಎಷ್ಟು ಲೀಟರ್ ಕುಡಿದರು, ಎಷ್ಟು ಸಲ ಮೂತ್ರಕ್ಕೆ ಹೋದರು ಎಂಬುದನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ, ಡ್ರಿಪ್ಸ್ ಹಾಕುವ ಮೊದಲೇ ಸೋಡಿಯಂ ಪರೀಕ್ಷೆ ಮಾಡಿಸಲು ಒತ್ತಾಯಿಸಿ. ನಸುಕಿನಲ್ಲೂ ಭಾನುವಾರವೂ ಆ ಪರೀಕ್ಷೆ ನಡೆಯುವ ಆಸ್ಪತ್ರೆ ನಿಮ್ಮ ಓಟದ ದಾರಿಗೆ ಹತ್ತಿರ ಯಾವುದೆಂದು ದೀರ್ಘ ಓಟಕ್ಕೆ ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ತಿಳಿದುಕೊಂಡಿರಿ.