ಬಣ್ಣ, ಪಂಪು, ಸಲಿಕೆ: ನನ್ನ ಬೇಸ್‌ಮೆಂಟ್ ಒಣಗಿದ್ದು ಯಾವುದರಿಂದ

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಸಲಿಕೆ. ಬಣ್ಣಕ್ಕೆ, ಬಿರುಕು ತುಂಬುವುದಕ್ಕೆ, ಪಂಪಿಗೆ ಅಂತ ದುಡ್ಡು ಸುರಿದಾದ ಮೇಲೆ ನೀರು ಬರುವುದು ನಿಂತಿದ್ದು ಒಂದು ಉದ್ದ ಪೈಪು ಮತ್ತು ಒಂದಷ್ಟು ತಳ್ಳುಗಾಡಿ ಮಣ್ಣಿನಿಂದ. ಇದನ್ನೇ ಮೊದಲು ಮಾಡಿದ್ದರೆ ಉಳಿದದ್ದರಲ್ಲಿ ಅರ್ಧ ಬೇಕಾಗುತ್ತಲೇ ಇರಲಿಲ್ಲ.

ಮನೆ ಹಳೆಯದು, ಕೊಂಡದ್ದು ಬೇಸಿಗೆಯಲ್ಲಿ. ಆಗ ಬೇಸ್‌ಮೆಂಟ್ ಗರಿಗರಿಯಾಗಿ ಒಣಗಿತ್ತು. ಗೋಡೆಯ ಕೆಳಗಿನ ಎರಡಡಿಗೆ ಮಾತ್ರ ಹೊಸ ಬಣ್ಣ, ಮೇಲೆಲ್ಲ ಹಳೆಯದು. ಅನುಮಾನ ಬರಬೇಕಿತ್ತು ಅಲ್ವಾ? ನನಗೆ ಬರಲಿಲ್ಲ. ಚೊಕ್ಕವಾಗಿ ಇಟ್ಟಿದ್ದಾರೆ ಅಂದುಕೊಂಡೆ. ಮೊದಲ ಜೋರು ಮಳೆಗೆ ಕೆಳಗಿಟ್ಟಿದ್ದ ರಟ್ಟಿನ ಡಬ್ಬಗಳ ತಳ ನೆನೆದು ಮೆತ್ತಗಾಯಿತು. ಎತ್ತಿದರೆ ಡಬ್ಬ ಕೈಗೆ ಬಂತು, ಪುಸ್ತಕ ನೆಲದಲ್ಲೇ ಉಳಿದವು.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಬೆವರೋ ಒಸರೋ ಅಂತ ನೋಡಿಕೊಂಡೆ. ಗೋಡೆಯ ಒಂದು ಜಾಗ ಒರೆಸಿ ಒಣಗಿಸಿ, ಒಂದಡಿ ಅಗಲದ ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಟ್ಟೆ. ಫಾಯಿಲ್ ಹೊರಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ. ಗೋಡೆಯ ಕಡೆ ಒದ್ದೆಯಾದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ನನ್ನದು ಗೋಡೆಯ ಕಡೆ ಪೂರ್ತಿ ಒದ್ದೆ. ಗಾಳಿಯ ತೇವ ಆಗಿದ್ದರೆ ಮುಂದಿನ ಯಾವ ಕಥೆಯೂ ಬೇಕಿರಲಿಲ್ಲ, ಕಿಟಕಿ ಅಥವಾ ತೇವ ಹೀರುವ ಯಂತ್ರ ಸಾಕಾಗುತ್ತಿತ್ತು.

ಮೊದಲು ವಾಟರ್‌ಪ್ರೂಫ್ ಬಣ್ಣ. ಸುಲಭ, ಒಂದು ಭಾನುವಾರದ ಕೆಲಸ, ನೋಡಲೂ ಚೆಂದ. ಮೂರು ತಿಂಗಳು ನಾನೇ ಗೆದ್ದೆ ಅಂದುಕೊಂಡಿದ್ದೆ. ಆಮೇಲೆ ನೆಲದಿಂದ ಒಂದು ಗೇಣು ಮೇಲೆ ಬಣ್ಣ ದೋಸೆಯ ಗುಳ್ಳೆಯ ಹಾಗೆ ಉಬ್ಬಿತು. ಬೆರಳಲ್ಲಿ ಒತ್ತಿದರೆ ಒಡೆದು ನೀರು ಇಳಿಯಿತು, ಒಳಗೆಲ್ಲ ಬಿಳಿ ಉಪ್ಪಿನ ಪುಡಿ. ಗೋಡೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ಬರುವ ನೀರು ಅದನ್ನು ಬಣ್ಣದ ಹಿಂದೆ ಬಿಟ್ಟು ಆವಿಯಾಗುತ್ತದೆ, ಆ ಉಪ್ಪೇ ಬಣ್ಣವನ್ನು ಗೋಡೆಯಿಂದ ತಳ್ಳುತ್ತದೆ. ಹೊರಗೆ ಎರಡು ಮೀಟರ್ ಎತ್ತರಕ್ಕೆ ನೀರು ನಿಂತರೆ ಗೋಡೆಯ ಬುಡದಲ್ಲಿ ಒಂದು ಚದರ ಮೀಟರಿಗೆ ಸುಮಾರು ಎರಡು ಟನ್ ಒತ್ತಡ ಬೀಳುತ್ತದೆ. ಅದನ್ನು ಒಳಗಡೆಯಿಂದ ಒಂದು ಪದರ ಬಣ್ಣ ತಡೆಯಬೇಕು ಅಂತ ನಾನು ಹಟ ಹಿಡಿದಿದ್ದೆ.

ಬಿರುಕು ತುಂಬುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಬಿರುಕು, ಗಟ್ಟಿ ಕಾಂಕ್ರೀಟ್ ಗೋಡೆ ಆದರೆ ಒಳ್ಳೆಯ ಉಪಾಯ. ನೀರು ಹರಿಯುವಾಗಲೇ ತುಂಬುವ ಸಿಮೆಂಟ್ ಬರುತ್ತದೆ, ನಾಲ್ಕೈದು ನಿಮಿಷದಲ್ಲಿ ಕಲ್ಲಾಗುತ್ತದೆ. ಬಕೆಟ್‌ನಲ್ಲೇ ಕಲ್ಲಾದ ಮೊದಲ ಮುದ್ದೆ ಈಗ ಗೇಟಿಗೆ ಅಡ್ಡ ಇಡುವ ಗುಂಡಾಗಿದೆ. ಒದ್ದೆ ಬಿರುಕಿಗೆ ಪಾಲಿಯುರೆಥೇನ್ ಇಂಜೆಕ್ಷನ್, ಅಂದರೆ ಬಿರುಕಿನೊಳಗೆ ಒತ್ತಿ ತುಂಬುವ ರಾಳ, ವಾಸಿ, ನೀರು ತಾಗಿದರೆ ಉಬ್ಬಿಕೊಂಡು ಕೂರುತ್ತದೆ. ನನ್ನ ಬಿರುಕು ನಿಜಕ್ಕೂ ಮುಚ್ಚಿತು. ಮುಂದಿನ ಮಳೆಗೆ ನೀರು ಗೋಡೆ ಮತ್ತು ನೆಲ ಸೇರುವ ಸಂದಿಯಿಂದ ಬಂತು.

ಆಗ ಪಂಪಿಗೆ ಮೊರೆ ಹೋದೆ. ನೆಲದ ಅಂಚಿನಲ್ಲಿ ಕಾಲುವೆ ಒಡೆದು, ತೂತಿನ ಪೈಪು ಮತ್ತು ಜಲ್ಲಿ ಹಾಕಿ, ಮೂಲೆಯ ಗುಂಡಿಗೆ ನೀರು ತಂದು, ಅಲ್ಲಿಂದ ಪಂಪು ಹೊರಗೆ ಎಸೆಯುವ ವ್ಯವಸ್ಥೆ. ಇದನ್ನೂ ಸಂಪ್ ಅನ್ನುತ್ತಾರೆ, ಕುಡಿಯುವ ನೀರು ತುಂಬುವ ಸಂಪ್ ಅಲ್ಲ. ಧೂಳು ಮನೆಯಿಡೀ. ಆದರೆ ನೆಲ ಒಣಗಿತು.

ಒಣಗಿತು, ಪಂಪು ಮಾತ್ರ ನಿಲ್ಲಲಿಲ್ಲ. ಮಳೆ ಬಂದಾಗ ಓಡಲಿ, ಅದಕ್ಕೇ ಇಟ್ಟಿದ್ದು. ಮಳೆ ನಿಂತು ಎರಡು ದಿನವಾದರೂ ಏಳೆಂಟು ನಿಮಿಷಕ್ಕೊಮ್ಮೆ ಗುರ್ ಅಂತ ಎದ್ದು, ಮುಗಿಸುವಾಗ ಪೈಪಿನೊಳಗೆ ಧಡ್ ಅಂತ ಒಂದು ಸದ್ದು. ಮೇಲೆ ಮಲಗುವ ಕೋಣೆ. ಎಣಿಸುತ್ತಾ ಮಲಗುತ್ತಿದ್ದೆ. ಮನೆಯಡಿ ಯಾವುದೋ ಒರತೆ ಇದೆ ಅಂತ ತೀರ್ಮಾನವಾಯಿತು. ನೋಡಲು ಬಂದವರು ಇನ್ನೂ ದೊಡ್ಡ ಪಂಪು ಹಾಕಿ ಅಂದರು.

ಗುಂಡಿಯಲ್ಲಿ ನೀರು ಏರಿದಾಗ ತೇಲಿ ಪಂಪನ್ನು ಎಬ್ಬಿಸುವ ಫ್ಲೋಟ್ ಎತ್ತಿ ನೋಡಿದೆ, ಗುಂಡಿಯ ಗೋಡೆಗೆ ತಾಗುತ್ತಿರಲಿಲ್ಲ. ಮೇಲೆ ಹೋದ ನೀರು ವಾಪಸ್ ಬೀಳದ ಹಾಗೆ ತಡೆಯುವ ವಾಲ್ವ್ ಬಿಚ್ಚಿ ತೊಳೆದು ಹಾಕಿದೆ. ಅದೂ ಸರಿಯಿತ್ತು, ಧಡ್ ಅನ್ನುತ್ತಿದ್ದದ್ದು ಅದೇ. ಕೊನೆಗೆ ಒಂದು ಬೆಳಗ್ಗೆ ಪಂಪು ಎದ್ದಾಗ ಓಡಿ ಹೊರಗೆ ಬಂದೆ. ಪೈಪಿನ ಬಾಯಿ ಗೋಡೆಯಿಂದ ಎರಡಡಿ ಕೂಡ ದೂರ ಇರಲಿಲ್ಲ. ನೀರು ಬಿದ್ದು ಗೋಡೆಯ ಕಡೆಗೇ ಹರಿದು, ಬುಡದ ತಗ್ಗಿನಲ್ಲಿ ಸುಳಿ ತಿರುಗಿ ಮಣ್ಣಿಗೆ ಇಳಿಯುತ್ತಿತ್ತು. ಸುಮ್ನೆ ನಿಂತು ನೋಡಿದೆ. ಏಳೆಂಟು ನಿಮಿಷಕ್ಕೆ ಒಳಗೆ ಮತ್ತೆ ಗುರ್.

ಕರೆಂಟು ಸುಟ್ಟು ಅದೇ ನೀರನ್ನು ಮತ್ತೆ ಮತ್ತೆ ಎತ್ತುತ್ತಿದ್ದೆ! ಗಿಡಕ್ಕೆ ನೀರು ಬಿಡುವ ಪೈಪು ಅಲ್ಲಿಗೆ ಸಿಕ್ಕಿಸಿ ಅಂಗಳದ ಆಚೆ ತುದಿಗೆ ಎಳೆದೆ. ಸಂಜೆಗೆ ಪಂಪು ಸುಮ್ಮನಾಯಿತು.

ಅಲ್ಲೇ ನಿಂತು ಮೇಲೆ ನೋಡಿದರೆ ಚಾವಣಿಯ ಪೈಪು. ಅದೂ ಅದೇ ತಗ್ಗಿಗೇ ಬಾಯಿ ಬಿಟ್ಟುಕೊಂಡಿತ್ತು. ಲೆಕ್ಕ ಸುಲಭ: ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಆ ಪೈಪಿಗೆ ಸೇರುವ ಚಾವಣಿ ಸುಮಾರು 50 ಚದರ ಮೀಟರ್. 20 ಮಿಲಿಮೀಟರ್ ಮಳೆ ಬಂದರೆ ಸಾವಿರ ಲೀಟರ್ ನೀರನ್ನು ನನ್ನದೇ ಚಾವಣಿ ನನ್ನದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು.

ಎರಡು ವಾರಾಂತ್ಯ ಹಿಡಿಯಿತು. ಚಾವಣಿಯ ಪೈಪಿಗೆ ಉದ್ದನೆ ತುಂಡು ಜೋಡಿಸಿ ನೀರನ್ನು ಎರಡು ಮೀಟರ್ ಆಚೆ ಒಯ್ದೆ. ವರ್ಷಗಟ್ಟಲೆ ಕುಸಿದು ತಗ್ಗಾದ ಬುಡಕ್ಕೆ ಜೇಡಿಮಣ್ಣು ತುಂಬಿ, ಪದರ ಪದರವಾಗಿ ದಿಮ್ಮಿಸಿ, ಹೊರಗಡೆಗೆ ವಾಟ ಕೊಟ್ಟೆ. ಮೂರು ಮೀಟರಿಗೆ 15 ಸೆಂಟಿಮೀಟರ್ ಇಳಿದರೆ ಸಾಕು. ಮರಳು ಹಾಕಬೇಡಿ, ಅದು ನೀರನ್ನು ನೇರ ಕೆಳಗೆ ಬಿಡುತ್ತದೆ. ಕಿಟಕಿ, ಗಾಳಿ ತೂತುಗಳ ಮಟ್ಟ ಮುಚ್ಚುವಷ್ಟು ಮಣ್ಣು ಏರಿಸಲೂಬೇಡಿ. ಕೈಯಲ್ಲಿ ಬೊಕ್ಕೆ ಎದ್ದವು. ಖರ್ಚು ಬಣ್ಣಕ್ಕಿಂತ ಕಡಿಮೆ.

ಹೊರಗಿನಿಂದ ಬುಡದವರೆಗೆ ಅಗೆದು ಗೋಡೆಗೆ ಪೊರೆ ಹೊದಿಸುವುದು ಎಲ್ಲಕ್ಕಿಂತ ಗಟ್ಟಿ ಮದ್ದು, ನೀರನ್ನು ಬರುವ ಕಡೆಯಲ್ಲೇ ತಡೆಯುತ್ತದೆ. ನನ್ನ ಕೈಗೆ ಎಟುಕಲಿಲ್ಲ.

ಅಂತರ್ಜಲವೇ ಬೇಸ್‌ಮೆಂಟಿನ ನೆಲಕ್ಕಿಂತ ಮೇಲಿದ್ದರೆ ನನ್ನ ಸಲಿಕೆ ಏನೂ ಮಾಡದು, ಪಂಪೇ ಬೇಕು. ಮಳೆ ಬಂದ ಕೆಲವೇ ಗಂಟೆಗೆ ಒಸರಿ, ಬಿಸಿಲಿಗೆ ಒಣಗುವ ಗೋಡೆಯಾದರೆ ಮೊದಲು ಹೊರಗೆ ಹೋಗಿ ನೋಡಿ, ಮಳೆಯಲ್ಲೇ, ಕೊಡೆ ಹಿಡಿದು. ಇನ್ನೊಂದು, ಪಂಪು ಇಟ್ಟರೆ ಬ್ಯಾಟರಿಯೂ ಬೇಕು, ಮಳೆ ಜೋರಾದಾಗಲೇ ಕರೆಂಟು ಹೋಗುವುದು. ತಿಂಗಳಿಗೊಮ್ಮೆ ಒಂದು ಬಕೆಟ್ ನೀರು ಸುರಿದು ಅದು ಏಳುತ್ತಾ ಅಂತ ನೋಡಬೇಕು. ನಾನು ಅಂಥ ಶಿಸ್ತಿನವನಲ್ಲ. ಮಣ್ಣಿಗೆ ಬ್ಯಾಟರಿ ಬೇಡ, ವರ್ಷಕ್ಕೊಮ್ಮೆ ಕುಸಿದಲ್ಲಿ ಒಂದು ಬುಟ್ಟಿ ಹಾಕಿದರಾಯಿತು. ನನ್ನ ಜೇಬಿಗೂ ಸೋಮಾರಿತನಕ್ಕೂ ಅದೇ ಸರಿ.

ಪಂಪು ಈಗಲೂ ಮೂಲೆಯಲ್ಲಿದೆ. ಕಳೆದ ಮಳೆಗಾಲದಲ್ಲಿ ಎರಡು ಸಲ ಎದ್ದಿದ್ದು ಕೇಳಿಸಿತು. ಮೊನ್ನೆ ಗುಂಡಿಯ ಮುಚ್ಚಳ ತೆಗೆದರೆ ಫ್ಲೋಟಿನಿಂದ ಪೈಪಿಗೆ ಜೇಡ ಬಲೆ ಕಟ್ಟಿಕೊಂಡಿತ್ತು. ಬಕೆಟ್ ನೀರು ಸುರಿಯಬೇಕು ಅಂತಲೇ ಹೋಗಿದ್ದೆ, ಮುಚ್ಚಳ ಹಾಕಿ ಬಂದೆ.